ಆಸ್ತಿ ಎಷ್ಟಿದೆ, ರೊಕ್ಕ ಯಾವಾಗ ಕೈಗೆ ಬರುತ್ತದೆ? – ಅಢಾವೆ ಪತ್ರಿಕೆ ಓದುವ ಬಗೆ



ಈ ವರದಿಯ ಕೊನೆಯ ಪುಟಗಳಲ್ಲಿ ಟ್ರಸ್ಟಿನ ಜಮಾ-ಖರ್ಚು ಹಾಗೂ ಅಢಾವೆ ಪತ್ರಿಕೆಯನ್ನು ಮುದ್ರಿಸಿದ್ದೇವೆ. ಬಹಳ ಜನ ಆ ಪುಟಗಳನ್ನು ತಿರುವಿ ಹಾಕಿ ನೇರವಾಗಿ ವಿದ್ಯಾರ್ಥಿವೇತನದ ಪ್ರಕಟಣೆಗೆ ಹೋಗುತ್ತಾರೆ. ಅಂಕಿಗಳೆಂದರೆ ಲೆಕ್ಕ ಪರಿಶೋಧಕರ ಕೆಲಸ ಎಂಬ ಭಾವನೆ ನಮ್ಮಲ್ಲಿದೆ. ಆದರೆ ಅಢಾವೆ ಪತ್ರಿಕೆಯನ್ನು ಅಷ್ಟಿಷ್ಟು ಓದಲು ಬಂದರೆ ಕಾರ್ಖಾನೆಗೆ ಕಬ್ಬು ಹಾಕುವ ರೈತನಿಗೆ, ಉದ್ರಿ ಮಾಲು ಕೊಡುವ ಅಂಗಡಿಕಾರನಿಗೆ, ಕೆಲಸಕ್ಕೆ ಸೇರಲು ಹೊರಟ ಪದವೀಧರನಿಗೆ, ಉಳಿತಾಯದ ಹಣ ಎಲ್ಲಿಡಬೇಕೆಂದು ಯೋಚಿಸುವ ಕುಟುಂಬಕ್ಕೆ, ಎಲ್ಲರಿಗೂ ಅನುಕೂಲವಿದೆ. ಬಿ.ಕಾಂ. ಹಾಗೂ ಪಿ.ಯು. ವಾಣಿಜ್ಯ ವಿದ್ಯಾರ್ಥಿಗಳಿಗೆ ಇದು ಪರೀಕ್ಷೆಯ ಪಾಠವೂ ಹೌದು. ಆದ್ದರಿಂದ ಈ ಲೇಖನದಲ್ಲಿ ಒಂದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದೇವೆ: ಒಂದು ಸಂಸ್ಥೆ ಮುಂದಿನ ಕೆಲವು ತಿಂಗಳಲ್ಲಿ ಕೊಡಬೇಕಾದ ಹಣವನ್ನು ಹೊತ್ತಿಗೆ ಸರಿಯಾಗಿ ಕೊಡಬಲ್ಲದೇ?

ನಮಗೆ ಆಗಲೇ ಗೊತ್ತಿರುವ ಲೆಕ್ಕ

ಈ ಲೆಕ್ಕ ನಮ್ಮ ವ್ಯಾಪಾರಿಗಳಿಗೆ ಹೊಸದಲ್ಲ. ರಮಝಾನ್ ಬಂದಾಗ ಝಕಾತ್ ಲೆಕ್ಕ ಹಾಕುವ ಅಂಗಡಿಕಾರ ಏನು ಮಾಡುತ್ತಾನೆ? ಗಲ್ಲೆಯಲ್ಲಿರುವ ಮತ್ತು ಬ್ಯಾಂಕಿನಲ್ಲಿರುವ ನಗದನ್ನು ಎಣಿಸುತ್ತಾನೆ. ಮಾರಾಟದ ಮಾಲಿಗೆ ಇವತ್ತಿನ ಬೆಲೆ ಕಟ್ಟುತ್ತಾನೆ. ಬರುವ ಭರವಸೆಯಿರುವ ಉದ್ರಿಯನ್ನು ಸೇರಿಸುತ್ತಾನೆ. ಅದರಲ್ಲಿ ಈಗ ತೀರಿಸಬೇಕಾದ ಸಾಲವನ್ನು ಕಳೆಯುತ್ತಾನೆ. ಅಂಗಡಿಯ ಕಟ್ಟಡ, ತಕ್ಕಡಿ, ಕಪಾಟುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಅವು ಮಾರುವುದಕ್ಕೆ ಇಟ್ಟವಲ್ಲ.

ಕಾಲೇಜಿನಲ್ಲಿ ಕಲಿಸುವುದೂ ಹೆಚ್ಚುಕಡಿಮೆ ಇದೇ. ನಗದು, ಮಾಲು, ಬರಬೇಕಾದ ಉದ್ರಿ ಇವು ಚಾಲ್ತಿ ಆಸ್ತಿಗಳು. ಹನ್ನೆರಡು ತಿಂಗಳೊಳಗೆ ಕೊಡಬೇಕಾದ ಹಣ ಚಾಲ್ತಿ ಹೊಣೆ. ಎರಡರ ವ್ಯತ್ಯಾಸವೇ ದುಡಿಯುವ ಬಂಡವಾಳ. ಕಟ್ಟಡ, ಜಮೀನು, ಯಂತ್ರ ಎಷ್ಟೇ ಬೆಲೆಬಾಳಲಿ, ಬರುವ ತಿಂಗಳ ಸಂಬಳವನ್ನು ಅವುಗಳಿಂದ ಕೊಡಲು ಆಗುವುದಿಲ್ಲ. 2013ರ ಕಂಪನಿ ಕಾಯ್ದೆಯ ಮೂರನೆಯ ಅನುಸೂಚಿ ಕಂಪನಿಗಳು ತಮ್ಮ ಆಸ್ತಿ-ಹೊಣೆಗಳನ್ನು ಹೀಗೆ ಚಾಲ್ತಿ ಮತ್ತು ಚಾಲ್ತಿಯಲ್ಲದವು ಎಂದು ಬೇರ್ಪಡಿಸಿ ತೋರಿಸಬೇಕೆಂದು ಹೇಳುತ್ತದೆ.

ಮೂರು ಅನುಪಾತಗಳು

ನಮ್ಮ ಭಾಗದ ಒಂದು ಬೀಜ-ಗೊಬ್ಬರದ ಅಂಗಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಂಕಿಗಳು ತಿಳಿವಳಿಕೆಗಾಗಿ ನಾವು ಹಾಕಿಕೊಂಡವು. ಅಂಗಡಿಯಲ್ಲಿ 5 ಲಕ್ಷದ ಮಾಲಿದೆ, ರೈತರಿಂದ 6 ಲಕ್ಷ ಉದ್ರಿ ಬರಬೇಕು, ನಗದು 1 ಲಕ್ಷ. ಚಾಲ್ತಿ ಆಸ್ತಿ ಒಟ್ಟು 12 ಲಕ್ಷ. ವಿತರಕರಿಗೆ 6 ಲಕ್ಷ, ಬ್ಯಾಂಕಿಗೆ 2 ಲಕ್ಷ ಕೊಡಬೇಕು. ಚಾಲ್ತಿ ಹೊಣೆ 8 ಲಕ್ಷ.

ಚಾಲ್ತಿ ಅನುಪಾತ: 12 ಭಾಗಿಸು 8 = 1.5. ಕೊಡಬೇಕಾದ ಪ್ರತಿ ರೂಪಾಯಿಗೆ ಒಂದೂವರೆ ರೂಪಾಯಿಯ ಆಸ್ತಿ ಇದೆ.

ತ್ವರಿತ ಅನುಪಾತ: ಮಾಲು ಮಾರಾಟವಾಗದೇ ಉಳಿಯಬಹುದು ಎಂದು ಅದನ್ನು ಬಿಟ್ಟು ಲೆಕ್ಕ ಹಾಕುವುದು. 7 ಭಾಗಿಸು 8 = 0.88.

ನಗದು ಅನುಪಾತ: ಕೈಯಲ್ಲಿರುವ ಹಣ ಮಾತ್ರ. 1 ಭಾಗಿಸು 8 = 0.13.

ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಸಿಗುತ್ತದೆ. ಅಂಗಡಿ ನಡೆಸಲು ಇಷ್ಟು ಸಾಲದು. ಆ 6 ಲಕ್ಷ ಉದ್ರಿ ಯಾವಾಗ ಬರುತ್ತದೆ ಎಂಬುದು ಮುಖ್ಯ. ಮುಂಗಾರಿನಲ್ಲಿ ಗೊಬ್ಬರ ಒಯ್ದ ರೈತ ತೊಗರಿ ರಾಶಿ ಮಾಡಿ ಮಾರಿದ ಮೇಲೆ, ಅಂದರೆ ಡಿಸೆಂಬರ್-ಜನವರಿಯಲ್ಲಿ ಹಣ ಕೊಡುತ್ತಾನೆ. ವಿತರಕರು ಅಲ್ಲಿಯವರೆಗೆ ಕಾಯುವುದಿಲ್ಲ. ಆ ವರ್ಷ ತೊಗರಿಗೆ ನೆಟೆ ರೋಗ ಬಿದ್ದರೆ ಉದ್ರಿ ಇನ್ನೊಂದು ವರ್ಷ ಮುಂದೆ ಹೋಗುತ್ತದೆ. ಅಢಾವೆ ಪತ್ರಿಕೆಯಲ್ಲಿ ಮಾತ್ರ ಅದೇ 6 ಲಕ್ಷ ಹಾಗೆಯೇ ಕೂತಿರುತ್ತದೆ. ಆದ್ದರಿಂದ ಉದ್ರಿಯ ಮೊತ್ತದ ಜೊತೆಗೆ ಅದರ ವಯಸ್ಸನ್ನೂ ಕೇಳಬೇಕು. ಆರು ತಿಂಗಳ ಒಳಗಿನದು ಎಷ್ಟು, ಎರಡು ವರ್ಷ ದಾಟಿದ್ದು ಎಷ್ಟು, ಮೂರು ವರ್ಷ ದಾಟಿದ್ದು ಎಷ್ಟು? ಮೂರು ವರ್ಷದ ಹಳೆಯ ಉದ್ರಿಯನ್ನು ಝಕಾತ್ ಲೆಕ್ಕದಲ್ಲಿ ಸೇರಿಸಲು ಹಿಂದೆಮುಂದೆ ನೋಡುವ ನಾವು ಅನುಪಾತದ ಲೆಕ್ಕದಲ್ಲಿಯೂ ಅಷ್ಟೇ ಅನುಮಾನ ಇಟ್ಟುಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ. ಇದೇ ಅಂಗಡಿಗೆ ಮಾರ್ಚ್ ಕೊನೆಯ ವಾರದಲ್ಲಿ 4 ಲಕ್ಷ ಉದ್ರಿ ವಸೂಲಾಯಿತು, ಅದನ್ನು ಅವತ್ತೇ ವಿತರಕರಿಗೆ ಕಟ್ಟಿದರು ಎನ್ನಿ. ಈಗ ಆಸ್ತಿ 8 ಲಕ್ಷ, ಹೊಣೆ 4 ಲಕ್ಷ. ಅನುಪಾತ 1.5ರಿಂದ 2ಕ್ಕೆ ಏರಿತು. ದುಡಿಯುವ ಬಂಡವಾಳ ಮೊದಲೂ 4 ಲಕ್ಷ, ಈಗಲೂ 4 ಲಕ್ಷ. ಏಪ್ರಿಲ್‌ನಲ್ಲಿ ಮತ್ತೆ ಉದ್ರಿ ಮಾಲು ತಂದರೆ ಅನುಪಾತ ಮತ್ತೆ ಇಳಿಯುತ್ತದೆ. ಮಾರ್ಚ್ 31ರ ಒಂದು ದಿನದ ಅಂಕಿಯನ್ನು ಇಡೀ ವರ್ಷದ ಸ್ಥಿತಿ ಎಂದು ತಿಳಿಯಬಾರದು.

ಸಕ್ಕರೆ ಕಾರ್ಖಾನೆಯ ಲೆಕ್ಕ

ಇದು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಸಕ್ಕರೆ ಕಾರ್ಖಾನೆಯಲ್ಲಿ. ಆಲಮಟ್ಟಿಯ ನೀರು ಕಾಲುವೆಗಳಲ್ಲಿ ಹರಿದ ಮೇಲೆ ನಮ್ಮ ಭಾಗದಲ್ಲಿ ಕಬ್ಬು ಹೆಚ್ಚಿದೆ. ಜಿಲ್ಲೆಯಲ್ಲಿ ಸಹಕಾರಿ ಕಾರ್ಖಾನೆಗಳೂ ಇವೆ, ಖಾಸಗಿ ಕಾರ್ಖಾನೆಗಳೂ ಇವೆ. ಹಂಗಾಮು ಮುಗಿದ ಮೇಲೆ ಊರಿನ ಕಟ್ಟೆಯ ಮೇಲೆ ಕೇಳಿಬರುವ ಮಾತು ಒಂದೇ: ಕಬ್ಬಿನ ಬಿಲ್ಲು ಬಂತೇ?

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ರೈತನಿಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 15ರಂತೆ ಬಡ್ಡಿ ಸೇರಿಸಬೇಕು. ಕೇಂದ್ರ ಸರ್ಕಾರ ನಿಗದಿ ಮಾಡುವ ಎಫ್‌ಆರ್‌ಪಿ ದರ 2025-26ರ ಹಂಗಾಮಿಗೆ ಶೇ. 10.25ರ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಆದರೆ ಕಾರ್ಖಾನೆ ಕಬ್ಬು ಕೊಳ್ಳುವುದು ನವೆಂಬರ್ ಸುಮಾರಿನಿಂದ ನಾಲ್ಕೈದು ತಿಂಗಳಲ್ಲಿ. ಸಕ್ಕರೆ ಮಾರುವುದು ವರ್ಷವಿಡೀ. ಅದೂ ಮನಸ್ಸು ಬಂದಷ್ಟಲ್ಲ: 2018ರ ಜೂನ್‌ನಿಂದ ಯಾವ ಕಾರ್ಖಾನೆ ತಿಂಗಳಿಗೆ ಎಷ್ಟು ಸಕ್ಕರೆ ಮಾರಬಹುದೆಂದು ಕೇಂದ್ರ ಸರ್ಕಾರವೇ ಕೋಟಾ ನಿಗದಿ ಮಾಡುತ್ತಿದೆ. ಕೊಡುವ ಗಡುವು ಹದಿನಾಲ್ಕು ದಿನ, ಬರುವ ಹಣಕ್ಕೆ ಹನ್ನೆರಡು ತಿಂಗಳು. ಕಾರ್ಖಾನೆಯ ಇಕ್ಕಟ್ಟು ಇರುವುದು ಇಲ್ಲಿ.

ಒಂದು ಕಾಲ್ಪನಿಕ ಕಾರ್ಖಾನೆಯ ಮಾರ್ಚ್ 31ರ ಅಢಾವೆ ಪತ್ರಿಕೆಯನ್ನು ನೋಡೋಣ. ಅಂಕಿಗಳೆಲ್ಲ ಕೋಟಿ ರೂಪಾಯಿಗಳಲ್ಲಿ.

ಚಾಲ್ತಿ ಆಸ್ತಿ:
ಸಕ್ಕರೆ ದಾಸ್ತಾನು – 150
ಕಾಕಂಬಿ, ಬಿಡಿಭಾಗ ಇತ್ಯಾದಿ ದಾಸ್ತಾನು – 10
ಸಕ್ಕರೆ ಮತ್ತು ವಿದ್ಯುತ್ ಮಾರಿದ್ದಕ್ಕೆ ಬರಬೇಕಾದ ಹಣ – 24
ಮುಂಗಡಗಳು, ಸರ್ಕಾರದಿಂದ ಬರಬೇಕಾದ್ದು – 12
ನಗದು ಮತ್ತು ಬ್ಯಾಂಕ್ ಶಿಲ್ಕು – 4
ಒಟ್ಟು – 200

ಚಾಲ್ತಿ ಹೊಣೆ:
ಸಕ್ಕರೆ ಅಡವಿಟ್ಟು ಪಡೆದ ಬ್ಯಾಂಕ್ ಸಾಲ – 90
ರೈತರಿಗೆ ಕೊಡಬೇಕಾದ ಕಬ್ಬಿನ ಬಾಕಿ – 46
ಕಟಾವು, ಸಾಗಣೆ ಮತ್ತು ಇತರ ಬಾಕಿ – 12
ದೀರ್ಘಾವಧಿ ಸಾಲದಲ್ಲಿ ಈ ವರ್ಷ ಕಟ್ಟಬೇಕಾದ ಕಂತು – 12
ಒಟ್ಟು – 160

ಚಾಲ್ತಿ ಅನುಪಾತ 1.25. ಹೊಣೆಗಿಂತ ಆಸ್ತಿ 40 ಕೋಟಿ ಹೆಚ್ಚಿದೆ. ಆಡಳಿತ ಮಂಡಳಿ ಸಭೆಯಲ್ಲಿ ಈ ಅಂಕಿಯನ್ನು ಓದಿದರೆ ಎಲ್ಲ ಸರಿಯಿದೆ ಅನಿಸುತ್ತದೆ. ದಾಸ್ತಾನು ಬಿಟ್ಟರೆ 40 ಭಾಗಿಸು 160, ತ್ವರಿತ ಅನುಪಾತ 0.25. ನಗದು ಮಾತ್ರ ಹಿಡಿದರೆ 0.025, ಅಂದರೆ ಕೊಡಬೇಕಾದ ನೂರು ರೂಪಾಯಿಗೆ ಕೈಯಲ್ಲಿರುವುದು ಎರಡೂವರೆ ರೂಪಾಯಿ.

ಈಗ ರೈತನ ಕಣ್ಣಿನಿಂದ ನೋಡೋಣ. ಗೋದಾಮಿನಲ್ಲಿರುವ ಸಕ್ಕರೆ ಬ್ಯಾಂಕಿಗೆ ಅಡವು. ಮಾರಿದ ಪ್ರತಿ ಚೀಲದ ಹಣದಲ್ಲಿ ಮೊದಲು ಬ್ಯಾಂಕಿನ ಪಾಲು ಹೋಗುತ್ತದೆ. 150 ಕೋಟಿ ದಾಸ್ತಾನಿನ ಮೇಲೆ 90 ಕೋಟಿ ಸಾಲವೆಂದರೆ ನೂರಕ್ಕೆ ಅರವತ್ತು. ತಿಂಗಳ ಕೋಟಾದಲ್ಲಿ 15 ಕೋಟಿಯ ಸಕ್ಕರೆ ಮಾರಾಟವಾದರೆ 9 ಕೋಟಿ ಬ್ಯಾಂಕಿಗೆ. ಉಳಿದ 6 ಕೋಟಿಯಲ್ಲಿ ಸಂಬಳ ಮತ್ತು ಇತರ ಖರ್ಚಿಗೆ 2 ಕೋಟಿ. ರೈತರಿಗೆ ಉಳಿಯುವುದು 4 ಕೋಟಿ. ಹತ್ತು ತಿಂಗಳಿಗೆ ಗೋದಾಮು ಖಾಲಿಯಾದಾಗ ರೈತರಿಗೆ ಸಂದಿರುವುದು 40 ಕೋಟಿ, ಇನ್ನೂ 6 ಕೋಟಿ ಬಾಕಿ. ಹೊರಗಿನಿಂದ ಬರಬೇಕಾದ 24 ಕೋಟಿ ಪೂರ್ತಿ ವಸೂಲಾದರೂ ಅದು ಕಟಾವು-ಸಾಗಣೆಯ 12 ಮತ್ತು ಸಾಲದ ಕಂತಿನ 12ಕ್ಕೆ ಸರಿಹೋಯಿತು. ಹೀಗೆ 1.25ರ ಅನುಪಾತವಿರುವ ಕಾರ್ಖಾನೆಯಲ್ಲಿ ಹದಿನಾಲ್ಕು ದಿನದ ಬಿಲ್ಲು ಮುಂದಿನ ಹಂಗಾಮಿನವರೆಗೆ ಎಳೆಯುತ್ತದೆ. ಅಷ್ಟರಲ್ಲಿ ರೈತ ಶಾಲೆಯ ಫೀ, ಮಗಳ ಮದುವೆ, ಬಿತ್ತನೆ ಖರ್ಚಿಗೆ ಕೈಗಡ ಮಾಡಿರುತ್ತಾನೆ. ಅವನ ಬಾಕಿಯ ಮೇಲೆ ಶೇ. 15ರ ಬಡ್ಡಿಯನ್ನು ಹೊಣೆಯ ಪಟ್ಟಿಯಲ್ಲಿ ತೋರಿಸಿದ್ದಾರೆಯೇ ಎಂಬುದನ್ನೂ ನೋಡಬೇಕು. ತೋರಿಸದಿದ್ದರೆ ಅನುಪಾತ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಬೆಲೆ ಇಳಿದರೆ ಪರಿಸ್ಥಿತಿ ಇನ್ನೂ ಬಿಗಿಯಾಗುತ್ತದೆ. ದಾಸ್ತಾನನ್ನು ತಯಾರಿಕಾ ವೆಚ್ಚ ಅಥವಾ ಮಾರಿದರೆ ಸಿಗುವ ಬೆಲೆ, ಇವೆರಡರಲ್ಲಿ ಕಡಿಮೆಯದಕ್ಕೆ ಹಿಡಿಯಬೇಕೆಂಬುದು ಲೆಕ್ಕಶಾಸ್ತ್ರದ ನಿಯಮ. ಮೇಲಿನ ಸಕ್ಕರೆಯ ಮೌಲ್ಯ ಹತ್ತನೇ ಒಂದು ಭಾಗ ಇಳಿದರೆ 15 ಕೋಟಿ ಹೋಯಿತು. ಆಸ್ತಿ 185, ಹೊಣೆ ಮಾತ್ರ ಅದೇ 160. ಅನುಪಾತ 1.16.

2018ರಲ್ಲಿ ದೇಶದ ಮಟ್ಟದಲ್ಲಿ ಆದದ್ದು ಇದೇ. 2017-18ರ ಹಂಗಾಮಿನಲ್ಲಿ ಸಕ್ಕರೆ ಉತ್ಪಾದನೆ 320 ಲಕ್ಷ ಟನ್ ದಾಟಿತು. ಬೆಲೆ ಕುಸಿಯಿತು. ಗೋದಾಮುಗಳು ತುಂಬಿದ್ದವು, ಆದರೆ ದೇಶದಾದ್ಯಂತ ಕಬ್ಬಿನ ಬಾಕಿ 20 ಸಾವಿರ ಕೋಟಿ ರೂಪಾಯಿ ದಾಟಿತ್ತು. ಆ ಜೂನ್‌ನಲ್ಲಿ ಕೇಂದ್ರ ಸರ್ಕಾರ 30 ಲಕ್ಷ ಟನ್ ಸಕ್ಕರೆಯನ್ನು ಒಂದು ವರ್ಷ ಕಾಪು ದಾಸ್ತಾನಾಗಿ ಇರಿಸಲು ನಿರ್ಧರಿಸಿ ಅದರ ವೆಚ್ಚವನ್ನು ತಾನು ಹೊತ್ತಿತು. ಕಾರ್ಖಾನೆಯ ಬಾಗಿಲಲ್ಲಿ ಕಿಲೋಗೆ 29 ರೂಪಾಯಿಗಿಂತ ಕಡಿಮೆಗೆ ಮಾರಬಾರದೆಂದು ಕನಿಷ್ಠ ಬೆಲೆ ಗೊತ್ತು ಮಾಡಿತು. 2019ರ ಫೆಬ್ರವರಿಯಲ್ಲಿ ಅದನ್ನು 31 ರೂಪಾಯಿಗೆ ಏರಿಸಿತು. ಸಕ್ಕರೆ ಇತ್ತು, ನಗದು ಇರಲಿಲ್ಲ. ಅನುಪಾತದ ಭಾಷೆಯಲ್ಲಿ ಹೇಳುವುದಾದರೆ ಚಾಲ್ತಿ ಅನುಪಾತಕ್ಕೂ ತ್ವರಿತ ಅನುಪಾತಕ್ಕೂ ನಡುವಿನ ಕಂದಕದಲ್ಲಿ ರೈತನ ದುಡ್ಡು ಸಿಕ್ಕಿಬಿದ್ದಿತ್ತು.

ಯಾವ ಅಂಕಿ ಒಳ್ಳೆಯದು?

ಪಠ್ಯಪುಸ್ತಕಗಳು ಚಾಲ್ತಿ ಅನುಪಾತ 2, ತ್ವರಿತ ಅನುಪಾತ 1 ಇರಬೇಕೆನ್ನುತ್ತವೆ. ನಮ್ಮ ಬ್ಯಾಂಕುಗಳು ಬಹಳ ಕಾಲ ನೋಡಿಕೊಂಡು ಬಂದ ಅಂಕಿ 1.33. ಇದರ ಮೂಲ ರಿಸರ್ವ್ ಬ್ಯಾಂಕ್ 1974ರಲ್ಲಿ ನೇಮಿಸಿದ ಟಂಡನ್ ಸಮಿತಿ. ಚಾಲ್ತಿ ಆಸ್ತಿಯ ಕಾಲು ಭಾಗವನ್ನಾದರೂ ಸಾಲಗಾರ ತನ್ನ ದೀರ್ಘಾವಧಿ ಹಣದಿಂದ ಹೊಂದಿಸಬೇಕೆಂದು ಅದರ ಎರಡನೆಯ ವಿಧಾನ ಹೇಳುತ್ತದೆ. ನೂರು ರೂಪಾಯಿ ಆಸ್ತಿಗೆ ಎಪ್ಪತ್ತೈದು ರೂಪಾಯಿ ಹೊಣೆ ಎಂದರೆ ಅನುಪಾತ 1.33.

ಆದರೆ ಎಲ್ಲ ಉದ್ಯೋಗಕ್ಕೂ ಒಂದೇ ಅಳತೆ ಸಲ್ಲದು. ರೊಕ್ಕಕ್ಕೆ ಮಾರುವ ಕಿರಾಣಿ ಅಂಗಡಿ ಹದಿನೈದು ದಿನದ ಗಡುವಿನಲ್ಲಿ ಮಾಲು ತಂದು ವಾರದೊಳಗೆ ಮಾರಿದರೆ ಅದರ ಅನುಪಾತ 1ಕ್ಕಿಂತ ಕಡಿಮೆಯಿದ್ದರೂ ನಡೆಯುತ್ತದೆ. ಖಾನಾವಳಿಯೂ ಹಾಗೆಯೇ. ಇತ್ತ ಕಾರ್ಖಾನೆಯ ಅನುಪಾತ 3 ಇದ್ದರೂ ಅದರಲ್ಲಿ ಮಾರಾಟವಾಗದ ಮಾಲು, ವಸೂಲಾಗದ ಉದ್ರಿಯೇ ತುಂಬಿದ್ದರೆ ಕಷ್ಟವೇ. ಆದ್ದರಿಂದ ಒಂದು ಸಂಸ್ಥೆಯನ್ನು ಅದೇ ಉದ್ಯೋಗದ ಇನ್ನೊಂದರ ಜೊತೆ, ಹಾಗೂ ಅದರದೇ ಹಿಂದಿನ ಮೂರು ನಾಲ್ಕು ವರ್ಷಗಳ ಜೊತೆ ಹೋಲಿಸಬೇಕು.

ಅಢಾವೆ ಪತ್ರಿಕೆ ಎಲ್ಲಿ ಸಿಗುತ್ತದೆ?

ಸಹಕಾರಿ ಸಂಘ ಅಥವಾ ಕಾರ್ಖಾನೆಯ ಷೇರುದಾರರಿಗೆ ವಾರ್ಷಿಕ ಮಹಾಸಭೆಯ ವರದಿಯಲ್ಲಿ ಸಿಗುತ್ತದೆ. ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಹಕ್ಕು ಸದಸ್ಯನಿಗಿದೆ. ಖಾಸಗಿ ಕಾರ್ಖಾನೆ ಕಂಪನಿಯಾಗಿ ನೋಂದಣಿಯಾಗಿದ್ದರೆ ಅದರ ಲೆಕ್ಕಪತ್ರ ಕಂಪನಿ ವ್ಯವಹಾರಗಳ ಸಚಿವಾಲಯದ ದಾಖಲೆಯಲ್ಲಿರುತ್ತದೆ. ನಿಗದಿತ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. 2021ರ ಮಾರ್ಚ್‌ನಲ್ಲಿ ಆದ ತಿದ್ದುಪಡಿಯ ನಂತರ ಓದುವುದು ಇನ್ನಷ್ಟು ಸುಲಭವಾಗಿದೆ. ಕಂಪನಿಗಳೇ ತಮ್ಮ ಚಾಲ್ತಿ ಅನುಪಾತವನ್ನು ಟಿಪ್ಪಣಿಯಲ್ಲಿ ಕೊಡಬೇಕು. ಹಿಂದಿನ ವರ್ಷಕ್ಕಿಂತ ಶೇ. 25ಕ್ಕೂ ಹೆಚ್ಚು ವ್ಯತ್ಯಾಸವಾಗಿದ್ದರೆ ಕಾರಣ ಬರೆಯಬೇಕು. ಬರಬೇಕಾದ ಹಣ ಹಾಗೂ ಕೊಡಬೇಕಾದ ಬಾಕಿ ಎಷ್ಟು ಹಳೆಯದೆಂಬ ಪಟ್ಟಿಯನ್ನೂ ಕೊಡಬೇಕು. ಅಂಗಡಿಯ ಉದ್ರಿಯ ವಯಸ್ಸು ಕೇಳಿದಂತೆ ಕಂಪನಿಯ ಉದ್ರಿಯ ವಯಸ್ಸನ್ನೂ ಈಗ ಕೇಳಬಹುದು.

ಪತ್ರಿಕೆಯೇ ತೋರಿಸದಿದ್ದರೆ?

ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ, ಜನರ ಬಾಯಲ್ಲಿ ಐಎಂಎ, 2019ರ ಜೂನ್‌ನಲ್ಲಿ ಬಾಗಿಲು ಮುಚ್ಚಿದ್ದು ನಮ್ಮ ಸಮುದಾಯ ಮರೆಯುವಂಥದ್ದಲ್ಲ. ಬಡ್ಡಿಯಿಲ್ಲದ ಹಲಾಲ್ ಹೂಡಿಕೆ ಎಂಬ ಹೆಸರಿನಲ್ಲಿ ಜನರನ್ನು ಪಾಲುದಾರರೆಂದು ಸೇರಿಸಿಕೊಂಡು ಪ್ರತಿ ತಿಂಗಳು ಲಾಭಾಂಶ ಕೊಡುತ್ತಿದ್ದ ಸಂಸ್ಥೆ ಅದು. ಸಾವಿರಾರು ಕುಟುಂಬಗಳು, ಮದುವೆಗೆ ಕೂಡಿಟ್ಟ ಹಣ ಇಟ್ಟವರು, ಚಿನ್ನ ಕೊಟ್ಟವರು, ಪೊಲೀಸರಿಗೆ ದೂರು ಬರೆದುಕೊಡಲು ಸಾಲು ನಿಂತರು. ಪ್ರಕರಣ ಮುಂದೆ ಸಿಬಿಐಗೆ ಹೋಯಿತು.

ತಿಂಗಳು ತಿಂಗಳು ಹಣ ಬರುತ್ತಿದೆ ಎಂಬುದೊಂದೇ ಭರವಸೆಗೆ ಆಧಾರವಾಗಬಾರದು ಎಂಬುದು ಅಲ್ಲಿಂದ ಕಲಿಯಬೇಕಾದ ಪಾಠ. ಕೇಳಿದ ಕೂಡಲೇ ಹಿಂದಿರುಗಿಸುತ್ತೇವೆ ಎಂದು ಹೇಳಿ ಪಡೆದ ಪ್ರತಿ ರೂಪಾಯಿಯೂ ಚಾಲ್ತಿ ಹೊಣೆ. ಅದರ ಎದುರಿಗೆ ಯಾವ ಚಾಲ್ತಿ ಆಸ್ತಿ ಇದೆ, ಎಲ್ಲರೂ ಒಂದೇ ವಾರ ಬಂದರೆ ಎಷ್ಟು ಜನರಿಗೆ ಕೊಡಬಹುದು ಎಂದು ಕೇಳಬೇಕು. ಪರಿಶೋಧಿತ ಅಢಾವೆ ಪತ್ರಿಕೆ ತೋರಿಸದವರ ಅನುಪಾತವನ್ನು ಯಾರೂ ಲೆಕ್ಕ ಹಾಕಲಾರರು. ಅಂಥ ಕಡೆ ಹಣ ಇಡದಿರುವುದೇ ಲೆಕ್ಕ. ಗಡ್ಡ ನೋಡಿ, ಮಾತು ಕೇಳಿ, ಪರಿಚಯದವರು ಇಟ್ಟಿದ್ದಾರೆಂದು ನಂಬಿ ಇಡುವ ಹಣಕ್ಕೂ ಕಾಗದ ಬೇಕು. ಸಾಲದ ವ್ಯವಹಾರವನ್ನು ಬರೆದಿಡಿ ಎಂದು ನಮ್ಮ ಧರ್ಮವೇ ವಿವರವಾಗಿ ಹೇಳಿರುವಾಗ ಕಾಗದ ಕೇಳುವುದು ಅಪನಂಬಿಕೆಯಾಗುವುದಿಲ್ಲ.

ಟ್ರಸ್ಟಿನ ಲೆಕ್ಕವನ್ನೂ ಹೀಗೆಯೇ ಓದಿ

ಕೊನೆಗೆ ನಮ್ಮದೇ ಪುಟಗಳು. ಟ್ರಸ್ಟಿನ ಬ್ಯಾಂಕ್ ಶಿಲ್ಕು ಪೂರ್ತಿ ನಮ್ಮ ಕೈಗೆ ಬಿಟ್ಟ ಹಣವಲ್ಲ. ಝಕಾತ್ ಎಂದು ಬಂದದ್ದು ಅರ್ಹರಿಗೇ ಸಲ್ಲಬೇಕು, ಅದರಿಂದ ಕಟ್ಟಡದ ದುರಸ್ತಿಯಾಗಲಿ ಕಚೇರಿ ಖರ್ಚಾಗಲಿ ಮಾಡುವಂತಿಲ್ಲ. ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟ ದೇಣಿಗೆಯೂ ಅಷ್ಟೇ. ಆದ್ದರಿಂದ ಇವನ್ನು ಬೇರೆಯಾಗಿಟ್ಟು ಉಳಿದ ಸಾಮಾನ್ಯ ನಿಧಿಯ ಎದುರಿಗೆ ಮಾತ್ರ ಸಾಮಾನ್ಯ ಖರ್ಚಿನ ಹೊಣೆಯನ್ನು ಇಟ್ಟು ನೋಡಬೇಕು. ಮಂಜೂರಾಗಿ ಇನ್ನೂ ಪಾವತಿಯಾಗದ ವಿದ್ಯಾರ್ಥಿವೇತನ ನಮ್ಮ ಚಾಲ್ತಿ ಹೊಣೆ. ದಾನಿಗಳು ಬಾಯಿಮಾತಿನಲ್ಲಿ ಒಪ್ಪಿಕೊಂಡ ಮೊತ್ತ ಕೈಗೆ ಬರುವವರೆಗೆ ಆಸ್ತಿಯಲ್ಲ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಾಲೇಜಿನ ಪ್ರವೇಶ ಶುಲ್ಕಕ್ಕೆ ಕೊನೆಯ ದಿನಾಂಕವಿರುತ್ತದೆ. ಆ ದಿನ ದಾಟಿದ ಮೇಲೆ ಬಂದ ವಿದ್ಯಾರ್ಥಿವೇತನದಿಂದ ಸೀಟು ಮರಳಿ ಬರುವುದಿಲ್ಲ. ಹದಿನಾಲ್ಕು ದಿನದ ಬಿಲ್ಲು ಹತ್ತು ತಿಂಗಳಾದಾಗ ರೈತನಿಗೆ ಏನಾಗುತ್ತದೆಯೋ ವಿದ್ಯಾರ್ಥಿಗೆ ಆಗುವುದೂ ಅದೇ. ಅದಕ್ಕಾಗಿಯೇ ಕೈಯಲ್ಲಿರುವ ಹಣ ನೋಡಿ ವಿದ್ಯಾರ್ಥಿವೇತನಗಳ ಸಂಖ್ಯೆ ನಿರ್ಧರಿಸುತ್ತೇವೆ, ಬರಬಹುದಾದ ಹಣ ನೋಡಿ ಅಲ್ಲ. ಸಂಖ್ಯೆ ಏಕೆ ಕಡಿಮೆ ಎಂದು ಕೇಳುವವರಿಗೆ ನಮ್ಮ ಉತ್ತರ ಇದೇ.

ವಾಣಿಜ್ಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಮುಂದಿನ ಪುಟದ ಅರ್ಜಿಯ ಸೂಚನೆಗಳನ್ನು ಓದುವ ಮೊದಲು ಒಂದು ಹಾಳೆ ತೆಗೆದುಕೊಂಡು ಈ ವರದಿಯ ಅಢಾವೆ ಪತ್ರಿಕೆಯಿಂದ ಮೂರೂ ಅನುಪಾತಗಳನ್ನು ಲೆಕ್ಕ ಹಾಕಿ. ಝಕಾತ್ ನಿಧಿ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ. ಎರಡರ ನಡುವಿನ ವ್ಯತ್ಯಾಸವನ್ನು ಮನೆಯ ಹಿರಿಯರಿಗೆ ತೋರಿಸಿ ವಿವರಿಸಿ. ಯಾವುದಾದರೂ ಅಂಕಿ ತಾಳೆಯಾಗದಿದ್ದರೆ ವಾರ್ಷಿಕ ಸಭೆಗೆ ಆ ಹಾಳೆಯನ್ನು ತೆಗೆದುಕೊಂಡು ಬನ್ನಿ. ಉತ್ತರ ಕೊಡುವುದು ನಮ್ಮ ಹೊಣೆ.